ಪದಚರ್ಚೆ: ಒಪ್ಪಿಗೆ, ಒಪ್ಪಿಸು, ಮುಚ್ಚಳಿಕೆ. ಆಪರೇಷನ್‌ಗೆ ಮುಂಚಿನ ಆ ಸಹಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನರ್ಸಿಂಗ್ ಓದುವ ಮಕ್ಕಳಿಗೆ ತಿಳಿದಿರಲೇಬೇಕಾದ ಕಾನೂನಿನ ಮಾತುಗಳನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ತಲೆಗೆ ಬಿದ್ದಿದೆ. ಅರ್ಧ ದಾರಿ ಸಲೀಸಾಗಿ ಬಂದೆ. ‘ಇನ್‌ಫಾರ್ಮ್ಡ್ ಕನ್ಸೆಂಟ್’ (ಚಿಕಿತ್ಸೆಯ ವಿಷಯ ತಿಳಿದುಕೊಂಡು ರೋಗಿ ಕೊಡುವ ಒಪ್ಪಿಗೆ) ಹತ್ತಿರ ಗಾಡಿ ಕೆಸರಲ್ಲಿ ಹೂತುಕೊಂಡಿದೆ.

ಮೊದಲ ಕರಡಿನಲ್ಲಿ ಹೀಗೆ ಬರೆದಿದ್ದೆ: “ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಯನ್ನು ಒಪ್ಪಿಸಿ ಸಹಿ ಪಡೆಯಬೇಕು.” ಓದಿದ ಹುಡುಗಿಯೊಬ್ಬಳು ಕೇಳಿದಳು, “ಮೇಡಂ, ಅವರು ಬೇಡ ಅಂದ್ರೂ ಒಪ್ಪಿಸ್ಬೇಕಾ?”

ಪೆನ್ನು ಕೆಳಗಿಟ್ಟೆ. ‘ಒಪ್ಪು’ವಿಗೆ ಒಂದು ‘ಇಸು’ ಅಂಟಿಸಿದ್ದೆ, ಅಷ್ಟೆ. ಕಾನೂನು ಉಲ್ಟಾ ಆಗಿತ್ತು. ಹಟ ಹಿಡಿದವರನ್ನು ಪುಸಲಾಯಿಸಿ ಹೂಂ ಅನ್ನಿಸುವುದೂ ಒಪ್ಪಿಸುವುದೇ. ಮಗು ಮೇಷ್ಟರ ಮುಂದೆ ಮಗ್ಗಿ ಒಪ್ಪಿಸುತ್ತದೆ. ಕಳ್ಳನನ್ನು ಪೊಲೀಸರಿಗೆ ಒಪ್ಪಿಸುತ್ತೇವೆ. ಯೋಚಿಸಿದರೆ ಈ ಮೂರೂ ವಾರ್ಡಿನಲ್ಲಿ ನಡೆಯುತ್ತವೆ. ಮನೆಯವರು ಪುಸಲಾಯಿಸುತ್ತಾರೆ. ಫಾರಂನಲ್ಲಿರುವುದನ್ನು ಯಾರೋ ಒಂದೇ ಉಸಿರಿಗೆ ಮಗ್ಗಿಯಂತೆ ಒಪ್ಪಿಸುತ್ತಾರೆ. ಕೊನೆಗೆ ರೋಗಿ, “ನಿಮ್ಮ ಕೈಗೆ ಒಪ್ಪಿಸಿದ್ದೀನಿ ಡಾಕ್ಟ್ರೇ” ಅಂತ ಕೈಮುಗಿಯುತ್ತಾರೆ. ಕಾನೂನು ಕೇಳುವ ಒಪ್ಪಿಗೆ ಮಾತ್ರ ಇದ್ಯಾವುದೂ ಅಲ್ಲ.

ಇನ್ನು ವಾರ್ಡಿನ ಮಾತಿಗೆ ಕಿವಿ ಕೊಟ್ಟರೆ ‘ಒಪ್ಪಿಗೆ’ ಅನ್ನುವ ಪದವೇ ಕೇಳಿಸುವುದಿಲ್ಲ. “ಕನ್ಸೆಂಟ್ ಆಯ್ತಾ ಸಿಸ್ಟರ್?” “ಮನೆಯವರ ಸೈನ್ ಆಯ್ತಾ?” ಇಷ್ಟೇ. ರೋಗಿಗಳ ಕಡೆಯವರ ಬಾಯಲ್ಲಿ ಬೇರೆಯದೇ ಪದ. ಒಮ್ಮೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಒಬ್ಬ ಅಜ್ಜಿ ಕೂತಿದ್ದರು. ಎಡಗೈ ಹೆಬ್ಬೆಟ್ಟಿನ ಮಸಿಯನ್ನು ಸೆರಗಿನ ತುದಿಯಿಂದ ಉಜ್ಜುತ್ತಿದ್ದರು. ಏನಜ್ಜಿ ಅಂದೆ. “ಮುಚ್ಚಳಿಕೆ ಬರೆಸ್ಕೊಂಡ್ರು ಮಗಾ” ಅಂದರು. ಆಪರೇಷನ್ ಏನಕ್ಕೆ ಅಂತ ಗೊತ್ತಾ ಅಂದರೆ, “ಅದೆಲ್ಲ ನನ್ ಮಗನ್ಗೆ ಗೊತ್ತು.”

ಮುಚ್ಚಳಿಕೆ! ಗಲಾಟೆ ಮಾಡಿದವರಿಂದ ಸ್ಟೇಷನ್ನಿನಲ್ಲಿ ಬರೆಸಿಕೊಳ್ಳುವುದು. ನಗು ಬಂದರೂ ಅಜ್ಜಿಯದೇನೂ ತಪ್ಪಿಲ್ಲ. “ಏನೇ ಅನಾಹುತವಾದರೂ ಆಸ್ಪತ್ರೆ ಜವಾಬ್ದಾರಿಯಲ್ಲ” ಅಂತ ಬರೆದ ಕಾಗದ ಮುಚ್ಚಳಿಕೆಯೇ ಅಲ್ವಾ? (ಆ ಸಾಲಿದ್ದ ಮಾತ್ರಕ್ಕೆ ಡಾಕ್ಟರ ಹೊಣೆ ತಪ್ಪುವುದಿಲ್ಲ, ಅದು ಬೇರೆ ಮಾತು.) ಕೆಲವು ಫಾರಂಗಳಲ್ಲಿ ಜಮೀನು ಪತ್ರದ ‘ರಾಜಿಖುಷಿಯಿಂದ’ ಕೂಡ ಬಂದು ಕೂತಿರುತ್ತದೆ.

ಈಗ ಪದಕ್ಕೆ ಬರುತ್ತೇನೆ. ‘ಅನುಮತಿ’ ನನಗೆ ಹಿಡಿಸುವುದಿಲ್ಲ. ಮೆರವಣಿಗೆಗೆ, ಮೈಕಿಗೆ ಕೊಡುವಂಥದ್ದು ಅದು. ‘ಸಮ್ಮತಿ’ ಪರವಾಗಿಲ್ಲ, ಆದರೆ ‘ಮೌನಂ ಸಮ್ಮತಿ ಲಕ್ಷಣಂ’ ಅನ್ನುವ ಬಾಲ ಅದಕ್ಕಿದೆ. ಆಪರೇಷನ್ ಟೇಬಲ್ ಮೇಲೆ ಆ ಬಾಲ ಅಪಾಯ. ಅದಕ್ಕೇ ನನ್ನ ಓಟು ‘ಒಪ್ಪಿಗೆ’ಗೆ. ಉಳಿದಿರುವುದು ‘ಇನ್‌ಫಾರ್ಮ್ಡ್’. ‘ಮಾಹಿತಿಪೂರ್ವಕ’ ಅಂದರೆ ವಾರ್ಡಿನಲ್ಲಿ ಯಾರೂ ತಿರುಗಿ ನೋಡಲ್ಲ.

ಒಂದು ತೀರ್ಪು ಇಲ್ಲಿ ದಾರಿ ತೋರಿಸುತ್ತದೆ ಅನ್ನಿಸುತ್ತದೆ. ದಿಲ್ಲಿಯ 44 ವರ್ಷದ ಹೆಂಗಸೊಬ್ಬರು 1995ರಲ್ಲಿ ಜಾಸ್ತಿ ದಿನ ಮುಟ್ಟಿನ ರಕ್ತಸ್ರಾವ ಅಂತ ಕ್ಲಿನಿಕ್‌ಗೆ ಹೋದರು. ಲ್ಯಾಪರೋಸ್ಕೋಪಿಗೆ (ಹೊಟ್ಟೆಯಲ್ಲಿ ಚಿಕ್ಕ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡುವುದಕ್ಕೆ) ಸಹಿ ಹಾಕಿದರು. ಅವರಿಗೆ ಅರಿವಳಿಕೆ ಕೊಟ್ಟಿದ್ದಾಗ ಹೊರಗೆ ಕಾಯುತ್ತಿದ್ದ ತಾಯಿಯಿಂದ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎಲ್ಲ ತೆಗೆದರು. 2008ರಲ್ಲಿ ಸುಪ್ರೀಂ ಕೋರ್ಟ್ ಇದು ಒಪ್ಪಿಗೆಯೇ ಅಲ್ಲ ಅಂದಿತು. ವಯಸ್ಸಿಗೆ ಬಂದು, ಬುದ್ಧಿ ಸರಿಯಿರುವ ರೋಗಿ ತಾತ್ಕಾಲಿಕವಾಗಿ ಎಚ್ಚರ ತಪ್ಪಿದ್ದರೆ, ಜೀವಕ್ಕೆ ಕೂಡಲೇ ಅಪಾಯ ಇಲ್ಲದಿದ್ದರೆ, ಎಚ್ಚರವಾಗುವವರೆಗೆ ಕಾಯಬೇಕಿತ್ತು. ನಮ್ಮ ‘ಮನೆಯವರ ಸೈನ್’ ಎಲ್ಲಿ ನಿಂತಿತು ನೋಡಿ. ಇನ್ನೊಂದು ವಿಷಯ, ಕೋರ್ಟು ಅಲ್ಲಿ ಅಮೆರಿಕದ ‘ಇನ್‌ಫಾರ್ಮ್ಡ್ ಕನ್ಸೆಂಟ್’ ಅಳತೆಗೋಲು ಬಿಟ್ಟು ಇಂಗ್ಲೆಂಡಿನ ‘ರಿಯಲ್ ಕನ್ಸೆಂಟ್’ (ನಿಜವಾದ ಒಪ್ಪಿಗೆ) ಹಿಡಿಯಿತು. ಏನು ಮಾಡುತ್ತಾರೆ, ಯಾಕೆ, ಏನು ಲಾಭ, ಏನು ಅಪಾಯ, ಬೇರೆ ದಾರಿ ಇದೆಯಾ, ಮಾಡಿಸದಿದ್ದರೆ ಏನಾಗುತ್ತದೆ, ಇಷ್ಟು ತಿಳಿಸಿರಬೇಕು.

ಹಾಗಾಗಿ ‘ತಿಳಿದೊಪ್ಪಿಗೆ’ ಅಂತ ಮಾಡಿದೆ. ತಿಳಿದು, ಆಮೇಲೆ ಒಪ್ಪಿಗೆ. ನಮ್ಮ ಸಹೋದ್ಯೋಗಿಯೊಬ್ಬರು, “ತಿಳಿದೋ ತಿಳಿಯದೆಯೋ ಅನ್ನೋ ಹಾಗಿದೆ” ಅಂದರು. ಅವರೇ ‘ಅರಿತೊಪ್ಪಿಗೆ’ ಅಂದರು, ನನಗೆ ಅದು ಹೊಸ ಸೀರೆ ಅಂಗಡಿ ಹೆಸರಿನಂತೆ ಕೇಳಿಸಿತು. ಸುಮ್ನೆ ‘ತಿಳಿಸಿ ಪಡೆದ ಒಪ್ಪಿಗೆ’ ಅಂದರೆ ಹೇಗೆ? ಉದ್ದ ನಿಜ, ಆದರೆ ತಿಳಿಸಬೇಕಾದವರ ಮೇಲೆ ಭಾರ ಬೀಳುತ್ತದೆ.

ಎರಡನೆಯದು ಚಿಕ್ಕದು. ‘ನೆಗ್ಲಿಜೆನ್ಸ್’ಗೆ ಪೇಪರುಗಳಲ್ಲಿ ‘ನಿರ್ಲಕ್ಷ್ಯ’ ನಿಂತುಬಿಟ್ಟಿದೆ. ನನ್ನ ಕಿವಿಗೆ ಅದು ಬೇಕಂತಲೇ ಲಕ್ಷ್ಯ ಕೊಡಲಿಲ್ಲ ಅಂದ ಹಾಗೆ. ಕಾನೂನು ಕೇಳುವುದು ತೋರಬೇಕಾದ ಎಚ್ಚರ ತೋರಿದರಾ ಅಂತ. ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದಂತೆ ಕ್ರಿಮಿನಲ್ ಕೇಸಿಗೆ ಆ ತಪ್ಪು ದೊಡ್ಡ ಮಟ್ಟದ್ದಾಗಿರಬೇಕು. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂನಲ್ಲಿ ಇಂಥ ತಪ್ಪಿನಿಂದ ಸಾವಾದರೆ ನೋಂದಾಯಿತ ವೈದ್ಯರಿಗೆ 2 ವರ್ಷದವರೆಗೆ ಜೈಲು, ಉಳಿದವರಿಗೆ 5 ವರ್ಷದವರೆಗೆ. ವೈದ್ಯರ ರಿಜಿಸ್ಟರಿನಲ್ಲಿ ನರ್ಸ್ ಹೆಸರಿರುವುದಿಲ್ಲವಲ್ಲ, ಅಂದರೆ ಅವರು ‘ಉಳಿದವರ’ ಸಾಲಿಗೇ ಬರುತ್ತಾರೆ, ಅದಕ್ಕೇ ಈ ಪದ ನಮ್ಮ ಮಕ್ಕಳಿಗೆ ಸರಿಯಾಗಿ ತಿಳಿಯಲೇಬೇಕು. ‘ಎಚ್ಚರಗೇಡು’ ಯಾರಾದರೂ ಬಳಸಿದ್ದೀರಾ? ಪೊಲೀಸರು ಕೇಸಿನಲ್ಲಿ ಬರೆಯುವ ‘ಅಜಾಗರೂಕತೆ’ ಕೇಳಿದರೆ ಲಾರಿಯೇ ಕಣ್ಣಮುಂದೆ ಬರುತ್ತದೆ.

ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯವರು ನಿಮ್ಮ ಆಸ್ಪತ್ರೆಗಳಲ್ಲಿ ಆ ಕಾಗದಕ್ಕೆ ಏನಂತಾರೆ ಅನ್ನುವುದನ್ನೂ ಬರೆಯಿರಿ. ಮುಚ್ಚಳಿಕೆ ನಮ್ಮ ಕಡೆ ಮಾತ್ರವಾ?