ಲಿಬರಲ್ ಆರ್ಟ್ಸ್ ಓದಿದ್ರೆ ಸ್ಕೋಪ್ ಇದ್ಯಾ? ಪಿಸಿಎಂಬಿ ಮುಗಿಸಿರೋ ತಂಗಿ ಹಠ ಹಿಡಿದಿದಾಳೆ

ಕೊಬ್ಬರಿಮಂಡಿ:
ಎಲ್ರಿಗೂ ನಮಸ್ಕಾರ. ನಮ್ದು ತಿಪಟೂರು. ತಂಗಿ ಈ ಸಲ ಸೆಕೆಂಡ್ ಪಿಯು ಮುಗಿಸಿದ್ಲು, ಪಿಸಿಎಂಬಿ, ಮಾರ್ಕ್ಸ್ ಚೆನ್ನಾಗಿ ಬಂದಿದೆ, ಸಿಇಟಿನೂ ಬರ್ದಿದಾಳೆ. ಮನೇಲಿ ಎಲ್ಲಾ ಯಾವ ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುತ್ತೆ ಅಂತ ಲೆಕ್ಕ ಹಾಕ್ತಾ ಕೂತಿದ್ರೆ ಇವ್ಳು ನಂಗೆ ಇಂಜಿನಿಯರಿಂಗೇ ಬೇಡ, ಲಿಬರಲ್ ಆರ್ಟ್ಸ್ ಯೂನಿವರ್ಸಿಟಿಗೆ ಹೋಗ್ತೀನಿ ಅಂತಿದಾಳೆ, ಬಯಾಲಜಿ ಮೇಜರ್ ಮಾಡ್ಕೊಂಡು ಜೊತೆಗೆ ಹಿಸ್ಟರಿ, ಫಿಲಾಸಫಿನೂ ಓದ್ಬಹುದಂತೆ. ಅಪ್ಪ ಫೀಸ್ ನೋಡಿದ್ದೇ 'ಬಿಎ ಓದೋಕೆ ಇಷ್ಟು ದುಡ್ಡಾ, ಊರಲ್ಲೇ ಕಾಲೇಜಿಲ್ವಾ' ಅಂದ್ಬಿಟ್ರು. ನಂಗೂ ಏನ್ ಹೇಳ್ಬೇಕು ಗೊತ್ತಾಗ್ಲಿಲ್ಲ. ಅಲ್ಲಿ ಏನ್ ಕಲಿಸ್ತಾರೆ, ಮುಂದೆ ಕೆಲ್ಸದ ಕಥೆ ಏನು, ಓದಿದೋರು ಯಾರಾದ್ರೂ ಇದ್ರೆ ಹೇಳಿ ಪ್ಲೀಸ್.

ಸರ್ಜಾಪುರ_ಸಿಗ್ನಲ್:
ನಾನು ಇಂಥದ್ರಲ್ಲೇ ಓದ್ದೋಳು, ಎಕನಾಮಿಕ್ಸ್ ಮೇಜರ್. ಕಾಲೇಜ್ ಹೆಸ್ರು ಬೇಡ ಬಿಡಿ. ಮೊದ್ಲಿಗೆ ನಿಮ್ಮಪ್ಪಾಜಿಗೆ ಒಂದು ಹೇಳಿ, ಆರ್ಟ್ಸ್ ಅಂತ ಹೆಸರಿದ್ರೂ ಫಿಸಿಕ್ಸ್, ಬಯಾಲಜಿ, ಮ್ಯಾತ್ಸ್ ಎಲ್ಲಾ ಇದ್ರೊಳಗೇ ಬರುತ್ತೆ. ಮೇಜರ್ ಅಂತ ಒಂದನ್ನ ಆಳವಾಗಿ ಓದ್ತೀವಿ, ಅದ್ರ ಜೊತೆಗೆ ಯಾವ ಮೇಜರ್ ತಗೊಂಡ್ರೂ ಎಲ್ರೂ ಓದ್ಲೇಬೇಕಾದ ಕೋರ್ಸ್‌ಗಳಿರ್ತವೆ. ಅದ್ರಲ್ಲಿ ನಂಗೆ ಬೆವರಿಳಿಸಿದ್ದು ಬರವಣಿಗೆ ಕೋರ್ಸ್. ಕೆರೆ ಒತ್ತುವರಿ ಬಗ್ಗೆ ಒಂದು ಎಸ್ಸೇ ಬರ್ದು ಕೊಟ್ಟಿದ್ದೆ, ಪಿಯುಸಿಲಿ ಬರೀತಿದ್ದ ಹಾಗೇ 'ಎಲ್ಲರಿಗೂ ತಿಳಿದಿರುವಂತೆ' ಅನ್ನೋ ಥರ ಶುರು ಮಾಡಿದ್ದೆ. ಮೇಡಂ ಆ ಸಾಲಿಗೆ ಪೆನ್ಸಿಲಲ್ಲಿ ಸುತ್ತು ಹಾಕಿ ಪಕ್ಕದಲ್ಲಿ 'ಯಾರಿಗೆ? ಹೇಗೆ ತಿಳೀತು?' ಅಂತ ಬರ್ದಿದ್ರು. ಪೇಜ್ ತುಂಬಾ ಅಂಥವೇ ಪ್ರಶ್ನೆ, ಮಾರ್ಕ್ಸೇ ಇಲ್ಲ. ಸರ್ವೇ ಮ್ಯಾಪ್ ಎಲ್ಲಾ ಹುಡ್ಕಿ, ಕೆರೆ ಪಕ್ಕದ ಮನೆಯೋರನ್ನ ಮಾತಾಡ್ಸಿ ಮತ್ತೆ ಬರೆದ್ಮೇಲೇ ಮಾರ್ಕ್ಸ್ ಕೊಟ್ಟಿದ್ದು. ನೀವು ಕೊಡೋ ಫೀಸು ಇಂಥ ಮೇಷ್ಟ್ರುಗಳಿಗೆ ಅಂತ ಇಟ್ಕೊಳ್ಳಿ. ಒಂದು ಕ್ಲಾಸಲ್ಲಿ ನೂರಿಪ್ಪತ್ತು ಜನ ಇದ್ರೆ ಯಾರು ತಾನೇ ಹಿಂಗೆ ಓದಿ ವಾಪಸ್ ಕೊಡ್ತಾರೆ ಹೇಳಿ.

ಹಳೇಗೆಜೆಟಿಯರ್:
'ಬಿಎ' ಅಂದ್ರೆ ಮೂಗು ಮುರಿಯೋ ಅಪ್ಪಂದಿರಿಗೆ ನಾನು ಯಾವಾಗ್ಲೂ ಇದನ್ನೇ ಹೇಳೋದು: ವಿಶ್ವೇಶ್ವರಯ್ಯನವರು ಮೊದ್ಲು ಮಾಡಿದ್ದು ಬಿಎ, ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿ, 1881ರಲ್ಲಿ. ಅದಾದ್ಮೇಲೆ ಪುಣೆಗೆ ಹೋಗಿ ಇಂಜಿನಿಯರಿಂಗ್. ಸಿ.ವಿ. ರಾಮನ್ 1904ರಲ್ಲಿ ಮದ್ರಾಸಲ್ಲಿ ಫಿಸಿಕ್ಸ್‌ಗೆ ಚಿನ್ನದ ಪದಕ ತಗೊಂಡಾಗ ಸಿಕ್ಕ ಡಿಗ್ರಿನೂ ಬಿಎನೇ, ಆಮೇಲಿನದೂ ಎಂಎ, 1907ರಲ್ಲಿ ಕೆಲ್ಸಕ್ಕೆ ಸೇರಿದ್ದು ಸರ್ಕಾರದ ಹಣಕಾಸು ಇಲಾಖೇಲಿ, ಕಲ್ಕತ್ತಾದಲ್ಲಿ. ಪಿಯುಗೆ ಬಂದ ತಕ್ಷಣ ಸೈನ್ಸಾ ಆರ್ಟ್ಸಾ ಕಾಮರ್ಸಾ ಅಂತ ಕುರಿ ಬೇರೆ ಮೇಕೆ ಬೇರೆ ಮಾಡೋ ಪದ್ಧತಿ ನಾವಂದ್ಕೊಂಡಷ್ಟು ಹಳೇದಲ್ಲ.

ಯೂರೋಪಲ್ಲಿ ಹಳೇ ಕಾಲದ ಏಳು ಲಿಬರಲ್ ಆರ್ಟ್ಸ್ ಅಂದ್ರೆ ವ್ಯಾಕರಣ, ತರ್ಕ, ಭಾಷಣಕಲೆ, ಆಮೇಲೆ ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ. ನೋಡಿ, ಅರ್ಧಕ್ಕರ್ಧ ಲೆಕ್ಕವೇ ಇದೆ. ಈಗಿನ ಅಮೆರಿಕ ಮಾದರಿ ಬಂದಿದ್ದು ತುಂಬಾ ಆಮೇಲೆ. 1869ರಲ್ಲಿ ಹಾರ್ವರ್ಡ್ ಅಧ್ಯಕ್ಷರಾದ ಚಾರ್ಲ್ಸ್ ಎಲಿಯಟ್ ಕಡ್ಡಾಯದ ವಿಷಯಗಳನ್ನ ಒಂದೊಂದಾಗಿ ಕಮ್ಮಿ ಮಾಡಿ ಏನ್ ಬೇಕೋ ಆರಿಸ್ಕೊಳ್ಳಿ ಅಂದ್ರು, ಆಮೇಲೆ ಹುಡುಗ್ರು ಸುಲಭದ ಕೋರ್ಸ್‌ಗಳನ್ನೇ ಆಯ್ಕೊಂಡು ಪಾಸಾಗ್ತಾರೆ ಅಂತ ದೂರು ಎದ್ದು, ಅವ್ರ ನಂತರ ಬಂದ ಲೋವೆಲ್ 'ಒಂದನ್ನ ಆಳವಾಗಿ ಓದಿ, ಉಳಿದಿದ್ದನ್ನ ಬೇರೆಬೇರೆ ಗುಂಪಿಂದ ತಗೊಳ್ಳಿ' ಅನ್ನೋ ನಿಯಮ ತಂದ್ರು. ಮೇಜರ್, ಮೈನರ್, ಎಲೆಕ್ಟಿವ್ ಅಂತ ನಿಮ್ ತಂಗಿ ಹೇಳ್ತಿರೋದು ಹೆಚ್ಚುಕಮ್ಮಿ ಇದೇ.

ಪೇಡಾ_ಪ್ರಿಯೆ:
ನಾ ಧಾರವಾಡದ ಕಡೆ ಒಂದು ಡಿಗ್ರಿ ಕಾಲೇಜಿನ್ಯಾಗ ಗೆಸ್ಟ್ ಲೆಕ್ಚರರ್ ಅದೀನ್ರಿ. ಸುಲಭದ್ದನ್ನ ಆಯ್ಕೋತಾರ ಅಂದದ್ದು ಖರೇ ಅದ, ಆದ್ರ ನಮ್ಮ ಕಡೆ ಹುಡುಗೂರಿಗೆ ಆಯ್ಕೊಳ್ಳಾಕೂ ಏನೂ ಇರಲಿಲ್ಲ. 2021ರಾಗ ಎನ್‌ಇಪಿ, ಅಂದ್ರ ರಾಷ್ಟ್ರೀಯ ಶಿಕ್ಷಣ ನೀತಿ, ಮೊದಲ ನಮ್ಮ ರಾಜ್ಯದಾಗ ಜಾರಿಗೆ ಬಂತಲ್ಲ, ಓಪನ್ ಎಲೆಕ್ಟಿವ್ ಅಂತ ಇಟ್ರು, ಬಿಕಾಂ ಹುಡುಗೂರು ಸೈಕಾಲಜಿ ತಗೋಬಹುದು, ಬಿಎಸ್ಸಿಯವ್ರು ಸಾಹಿತ್ಯ ಓದಬಹುದು, ಕಾಗದದ ಮ್ಯಾಲೆ ಭಾರಿ ಚೊಲೋ ಇತ್ತು. ನಮ್ಮ ಕಾಲೇಜಿನ್ಯಾಗ ಸೈಕಾಲಜಿ ಹೇಳವ್ರು ಎಲ್ಲಿ ಅದಾರ್ರಿ? ಯಾರ ವರ್ಕ್‌ಲೋಡ್ ಕಮ್ಮಿ ಐತೋ ಅವ್ರ ಸಬ್ಜೆಕ್ಟೇ ಓಪನ್ ಎಲೆಕ್ಟಿವ್, ಯಾವ ಹಾಲ್ ಖಾಲಿ ಐತೋ ಅಲ್ಲೇ ಕ್ಲಾಸು. ಟೂರಿಸಂ ಅಂತ ಹೆಸರು ಬರಸಿ ಹಿಸ್ಟರಿ ಸರ್ ತಮ್ಮ ಹಳೇ ನೋಟ್ಸೇ ಓದಿದ್ರು. ಈಗ 2024-25ರಿಂದ ವಾಪಸ್ ಮೂರು ವರ್ಷದ ಡಿಗ್ರಿ ಮಾಡ್ಯಾರ. ನಾಲ್ಕು ವರ್ಷದ್ದು ಹೋತು ಅಂತ ನನಗೇನು ದುಃಖ ಇಲ್ಲ, ಮಾಸ್ತರನ್ನ ಕೊಡದ ಸಿಲಬಸ್ ಅಷ್ಟೇ ಬದಲಿ ಮಾಡಿದ್ರ ಹಿಂಗೇ ಆಗೂದು. ಹಂಗಾಗಿ ತಂಗ್ಯವ್ವನ ಕಾಲೇಜ್ ನೋಡಾಕ ಹೋದಾಗ ಬಿಲ್ಡಿಂಗ್ ನೋಡಬ್ಯಾಡ್ರಿ, ಹೋದ ಸೆಮಿಸ್ಟರ್ ಯಾವ ಯಾವ ಎಲೆಕ್ಟಿವ್ ನಡದಾವು, ಅದನ್ನ ಹೇಳಿದವ್ರು ಯಾರು ಅಂತ ಲಿಸ್ಟ್ ಕೇಳ್ರಿ. ಕೊಡಾಕ ಹಿಂದ ಮುಂದ ನೋಡಿದ್ರ ತಿಳ್ಕೊಂಬಿಡ್ರಿ.

ನೋಟಿಸ್_ಪೀರಿಯಡ್:
ಎಲ್ರೂ ಚೆಂದ ಹೇಳಿದ್ರಿ, ಕೆಲ್ಸದ ಮಾತು ಮಾತ್ರ ಯಾರೂ ಎತ್ಲಿಲ್ಲ 😀 ನಾನು ಐಟಿಲಿದೀನಿ, ಹೈರಿಂಗ್ ಇಂಟರ್ವ್ಯೂಗಳಲ್ಲಿ ಕೂರ್ತೀನಿ. ಸರ್ವಿಸ್ ಕಂಪನಿಗಳು ಫ್ರೆಷರ್ಸ್ ತಗೊಳೋವಾಗ ಬಿಇ, ಬಿಸಿಎ, ಬಿಎಸ್ಸಿ ಅಂತ ಫಿಲ್ಟರ್ ಹಾಕ್ತವೆ, ಅಲ್ಲಿ 'ಬಿಎ ಲಿಬರಲ್ ಆರ್ಟ್ಸ್' ಅಂತಿದ್ರೆ ರೆಸ್ಯೂಮೆ ಮುಂದಕ್ಕೇ ಹೋಗಲ್ಲ. ಹಂಗಾಗಿ ಮಾರ್ಕ್ಸ್ ಕಾರ್ಡ್ ಮೇಲೆ, ಡಿಗ್ರಿ ಸರ್ಟಿಫಿಕೇಟ್ ಮೇಲೆ ಏನಂತ ಪ್ರಿಂಟ್ ಆಗುತ್ತೆ ಅಂತ ಮೊದ್ಲೇ ಕೇಳಿ. ಬಿಎಸ್ಸಿ ಆನರ್ಸ್ ಬಯಾಲಜಿ ಅಂತ ಬಂದ್ರೆ ಎಂಎಸ್ಸಿಗೆ, ರಿಸರ್ಚ್ ಕೆಲ್ಸಕ್ಕೆ ತೊಂದ್ರೆ ಇಲ್ಲ. ಯುಪಿಎಸ್‌ಸಿ, ಕೆಎಎಸ್‌ಗೆ ಯಾವ ಡಿಗ್ರಿ ಆದ್ರೂ ನಡೆಯುತ್ತೆ. ಟೀಚರ್ ಆಗೋ ಆಸೆ ಇದ್ರೆ ಮಾತ್ರ ಹುಷಾರು, ಬಿಎಡ್‌ಗೆ, ಶಿಕ್ಷಕರ ನೇಮಕಾತಿಗೆ ಡಿಗ್ರಿಲಿ ಯಾವ ಸಬ್ಜೆಕ್ಟ್ ಓದಿದೀರಿ ಅಂತ ನೋಡ್ತಾರೆ, ಬಯಾಲಜಿ ಜೊತೆ ಫಿಲಾಸಫಿ ಇದ್ರೆ ಅಲ್ಲಿ ಕಿರಿಕ್ ಆಗ್ಬಹುದು. ಡಾಕ್ಟರ್ ಆಗ್ಬೇಕು ಅಂತ ಮನಸ್ಸಿನ ಮೂಲೇಲಿ ಎಲ್ಲಾದ್ರೂ ಇದ್ರೆ ಈಗ್ಲೇ ಹೇಳೋಕೆ ಹೇಳಿ, ಅದಕ್ಕೆ ನೀಟ್ ಬಿಟ್ರೆ ಬೇರೆ ದಾರಿ ಇಲ್ಲ.

ದುಡ್ಡಿನ ವಿಷ್ಯಕ್ಕೆ ಬಂದ್ರೆ, ಸಾಲ ಮಾಡಿ ಇದನ್ನ ಓದಿಸ್ಬೇಡಿ ಅಂತ್ಲೇ ನನ್ನ ಅಭಿಪ್ರಾಯ, ಯಾರಿಗಾದ್ರೂ ಬೇಜಾರಾದ್ರೆ ಆಗ್ಲಿ. ಇಎಂಐ ಶುರುವಾದ್ಮೇಲೆ ಮಗು ಇಷ್ಟದ ಕೆಲ್ಸ ಹುಡ್ಕೋಕಾಗಲ್ಲ, ಸಿಕ್ಕಿದ ಕೆಲ್ಸಕ್ಕೆ ಹೋಗ್ಬೇಕಾಗುತ್ತೆ.

ಸರ್ಜಾಪುರ_ಸಿಗ್ನಲ್:
ಸಾಲದ ಮಾತು ಒಪ್ತೀನಿ. ಆದ್ರೆ ಬೋರ್ಡ್ ಮೇಲಿರೋ ಫೀಸ್ ನೋಡಿ ಕೈ ಬಿಡ್ಬೇಡಿ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ಯೂನಿವರ್ಸಿಟಿ, ಸೋನಿಪತ್‌ನ ಅಶೋಕ ಇಂಥ ಕಡೆ ಮನೆಯ ಆದಾಯ ನೋಡಿ ಫೀಸ್ ಕಮ್ಮಿ ಮಾಡ್ತಾರೆ, ತೀರಾ ಕಷ್ಟ ಇದ್ರೆ ಪೂರ್ತಿನೂ ಮಾಫಿ ಸಿಗುತ್ತೆ. ಆದಾಯ ಪ್ರಮಾಣಪತ್ರ, ಐಟಿ ರಿಟರ್ನ್ಸ್, ಜಮೀನಿದ್ರೆ ಪಹಣಿ ಎಲ್ಲಾ ರೆಡಿ ಇಟ್ಕೊಳ್ಳಿ. ನನ್ನ ಬ್ಯಾಚಲ್ಲೇ ಸುಮಾರು ಜನ ಹಿಂಗೇ ಓದಿದ್ದು. ಅವ್ರಲ್ಲಿ ಒಬ್ಬ ಈಗ ಅಂತರ್ಜಲದ ಮೇಲೆ ಕೆಲ್ಸ ಮಾಡೋ ಸಂಸ್ಥೇಲಿದಾನೆ, ಒಬ್ಳು ಪತ್ರಕರ್ತೆ, ಇನ್ನೊಬ್ಬ ಬ್ಯಾಂಕಲ್ಲಿ ಡೇಟಾ ಅನಲಿಸ್ಟ್. ಮೊದಲ ಸಂಬಳ ಇಂಜಿನಿಯರ್ ಫ್ರೆಂಡ್ಸ್‌ಗಿಂತ ಕಮ್ಮಿನೇ ಇತ್ತು ಎಲ್ರಿಗೂ.

ಕೊಬ್ಬರಿಮಂಡಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟರ್ ಆಸೆ ಇಲ್ವಂತೆ, ಕೇಳ್ದೆ. ರಾಮನ್ನೂ ಓದಿದ್ದು ಬಿಎ ಅಂತೆ ಅಂತ ಅಪ್ಪಂಗೆ ಹೇಳಿದ್ರೆ 'ಅವ್ರು ರಾಮನ್ ಕಣೋ' ಅಂದ್ರು. ಎಲೆಕ್ಟಿವ್ ಲಿಸ್ಟ್ ಕೇಳಿ ಅಂದಿದ್ದು ಮಾತ್ರ ಅವ್ರಿಗೆ ಹಿಡಿಸ್ತು, ಮಂಡೀಲಿ ಮೂಟೆ ಬಿಚ್ಚದೆ ವ್ಯಾಪಾರ ಮಾಡೋರಲ್ಲ ನೋಡಿ. ಕೊನೇದಾಗಿ ಇನ್ನೊಂದು: ನಾಲ್ಕು ವರ್ಷ ಓದಿದ್ರೆ ಎಂಎಸ್ಸಿ ಒಂದೇ ವರ್ಷ ಅಂತಾರಲ್ಲ, ನಿಜಾನಾ?

ಹಳೇಗೆಜೆಟಿಯರ್:
ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಯುಜಿಸಿಯ ನಿಯಮದಲ್ಲಿ ಇದೆ, ಆದ್ರೆ ಒಂದು ವರ್ಷದ ಎಂಎಸ್ಸಿ ಎಲ್ಲಾ ಕಡೆ ಶುರುವಾಗಿಲ್ಲ, ಸೇರ್ಬೇಕು ಅಂತಿರೋ ಯೂನಿವರ್ಸಿಟಿನೇ ಕೇಳಿ ನೋಡಿ. ನಾಲ್ಕು ವರ್ಷದ ಡಿಗ್ರಿಲಿ ಶೇ. 75 ಇದ್ರೆ ಎಂಎಸ್ಸಿ ಇಲ್ದೇನೇ ಪಿಎಚ್‌ಡಿಗೆ ಅರ್ಜಿ ಹಾಕ್ಬಹುದು, 2022ರ ನಿಯಮ ಅದು.