ಅಪ್‌ಡೇಟ್: ಕೋಚ್‌ಗಳ ಸಂಘದ ಬೋರ್ಡ್‌ನಲ್ಲಿ ನಮ್ಮದೇ ಕಾಲೇಜಿನ ವಿಷಯ ಬಂದರೆ ವೋಟು ಹಾಕಬಹುದಾ?

ಮೊನ್ನೆ ಕೇಳಿದ್ದೆನಲ್ಲ, ಕಾಲೇಜು ಕೋಚ್‌ಗಳ ಸಂಘದ ಬೋರ್ಡ್‌ಗೆ ಹೊಸದಾಗಿ ಸೇರಿದ್ದೇನೆ, ಮುಂದಿನ ಟೂರ್ನಮೆಂಟ್ ನಡೆಸೋಕೆ ನಮ್ಮ ಕಾಲೇಜೂ ಅರ್ಜಿ ಹಾಕಿದೆ, ನಾನು ವೋಟು ಹಾಕಬಹುದಾ ಅಂತ. ಮೀಟಿಂಗ್ ಮುಗಿಯಿತು.

"ಮೊದಲೇ ಹೇಳಿಬಿಡಿ, ಆ ವಿಷಯ ಬಂದಾಗ ಎದ್ದು ಹೊರಗೆ ಹೋಗಿ, ಅದನ್ನು ನಡಾವಳಿಯಲ್ಲಿ ಬರೆಸಿ" ಅಂದವರ ಮಾತೇ ಕೆಲಸಕ್ಕೆ ಬಂತು. ರಾಜೀನಾಮೆ ಕೊಡಿ ಅಂದವರೂ ಇದ್ದರು. ಅದನ್ನು ಅಧ್ಯಕ್ಷರಿಗೆ ಹೇಳಿದರೆ ನಕ್ಕುಬಿಟ್ಟರು. ಇಲ್ಲಿರುವವರೆಲ್ಲ ಯಾವುದೋ ಒಂದು ಕಾಲೇಜಿನ ಕೋಚೇ ಅಲ್ವಾ, ಹಾಗೆ ನೋಡಿದರೆ ಬೋರ್ಡೇ ಖಾಲಿ!

"ಸುಮ್ನೆ ಕೂತಿರಿ, ವೋಟು ಹಾಕಬೇಡಿ" ಅನ್ನೋ ಸಲಹೆ ಮಾತ್ರ ಉಲ್ಟಾ ಹೊಡೆಯುತ್ತಿತ್ತು. ನಮ್ಮ ಬೈಲಾದಲ್ಲಿ (ಸಂಘದ ನಿಯಮಗಳಲ್ಲಿ) ಹಾಜರಿದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಒಪ್ಪಬೇಕು ಅಂತಿದೆ, ವೋಟು ಹಾಕಿದವರಲ್ಲಿ ಅಂತಲ್ಲ. ಅಂದರೆ ಬಾಯಿಮುಚ್ಚಿ ಕೂತರೂ ಅದು ವಿರೋಧದ ಲೆಕ್ಕಕ್ಕೇ ಹೋಗುತ್ತೆ. 6 ಜನ ಇದ್ದಾಗ 3 ವೋಟು ಸಾಲದು, ಒಬ್ಬರು ಎದ್ದು ಹೋದರೆ ಅದೇ 3 ಸಾಕು. ಇನ್ನೊಂದು, ನಾನು ಬಾಗಿಲ ಹತ್ತಿರ ಹೋದಾಗ ಕಾರ್ಯದರ್ಶಿ ತಡೆದು, ಕೋರಂ (ಮೀಟಿಂಗ್ ನಡೆಸೋಕೆ ಇರಲೇಬೇಕಾದಷ್ಟು ಜನ) ಉಳಿಯುತ್ತಾ ಅಂತ ಪೆನ್ನಿನ ತುದಿಯಲ್ಲೇ ತಲೆ ಎಣಿಸಿದರು. ಇದನ್ನು ಯಾರೂ ಹೇಳಿರಲಿಲ್ಲ, ನೀವು ಮೊದಲೇ ನೋಡಿಕೊಳ್ಳಿ.

ಟೂರ್ನಮೆಂಟ್ ಬೇರೆ ಕಾಲೇಜಿಗೆ ಹೋಯಿತು. ನಮ್ಮ ಪ್ರಿನ್ಸಿಪಾಲರಿಗೆ ಸ್ವಲ್ಪ ಬೇಜಾರು.