ಅರ್ಧ ಕ್ಯಾರೆಟ್, ಒಂದು ಕ್ಯಾರೆಟ್: ಕಣ್ಣಿಗೆ ಎಷ್ಟು ವ್ಯತ್ಯಾಸ?

ಶಿರಸಿಯಿಂದ ಕೇಳುತ್ತಿದ್ದೇನೆ. ಮಗಳ ಮದುವೆಗೆ ಒಂಟಿ ಕಲ್ಲಿನ ವಜ್ರದುಂಗುರ ನೋಡುತ್ತಿದ್ದೇವೆ. ಅರ್ಧ ಕ್ಯಾರೆಟ್, ಒಂದು ಕ್ಯಾರೆಟ್ ಎರಡನ್ನೂ ತೋರಿಸಿದರು. ಬೆಲೆ ದುಪ್ಪಟ್ಟಿಗಿಂತ ಜಾಸ್ತಿ, ಕಲ್ಲು ಮಾತ್ರ ದುಪ್ಪಟ್ಟು ಕಾಣಲಿಲ್ಲ. ಇದು ಮೋಸವಾ?

ಕುಮಟಾ: ಮೋಸ ಅಲ್ಲ ಅಕ್ಕ. ಕ್ಯಾರೆಟ್ ಅಂದರೆ ತೂಕ, ಅಗಲ ಅಲ್ಲ. ಒಂದು ಕ್ಯಾರೆಟ್ 200 ಮಿಲಿಗ್ರಾಂ. ಅದರಲ್ಲಿ ನೂರು ಸೆಂಟ್. (ಮಂಗಳೂರು ಕಡೆ ಜಾಗ ಅಳೆಯುವ ಸೆಂಟ್ ಅಲ್ಲ!) ತೂಕ ಹೆಚ್ಚಿದಾಗ ಕಲ್ಲು ಆಳಕ್ಕೂ ಬೆಳೆಯುತ್ತದೆ. ಹಾಗಾಗಿ ತೂಕ ದುಪ್ಪಟ್ಟಾದರೂ ಅಗಲ ಕಾಲು ಭಾಗದಷ್ಟೇ ಹೆಚ್ಚುತ್ತದೆ. ಒಳ್ಳೆ ಕಟ್ ಇರುವ ದುಂಡು ಕಲ್ಲು ಅರ್ಧ ಕ್ಯಾರೆಟ್‌ಗೆ ಸುಮಾರು 5.1 ಮಿ.ಮೀ., ಒಂದಕ್ಕೆ 6.4, ಎರಡಕ್ಕೆ 8.1. ನಿಮ್ಮೂರಿನ ದಪ್ಪ ಕಾಳುಮೆಣಸು ಹೆಚ್ಚುಕಡಿಮೆ ಅರ್ಧ ಕ್ಯಾರೆಟ್‌ನ ಅಗಲ ಇರುತ್ತದೆ, ಇಟ್ಟು ನೋಡಿ.

ಹೊನ್ನಾವರ: ನಾನು ಏಳು ಕಲ್ಲಿನ ಓಲೆ ತಗೊಂಡಾಗ "ಅರ್ಧ ಕ್ಯಾರೆಟ್" ಅಂದಿದ್ದರು. ಮನೆಗೆ ಬಂದು ಚೀಟಿ ಓದಿದೆ. ಎರಡೂ ಓಲೆಯ ಹದಿನಾಲ್ಕು ಕಲ್ಲು ಸೇರಿ ಅರ್ಧವಂತೆ! ಒಂದೊಂದು ಮೂರೂವರೆ ಸೆಂಟ್. ಒಂಟಿ ಕಲ್ಲಿಗೆ ಈ ತಲೆನೋವಿಲ್ಲ, ಆದರೂ ಒಟ್ಟು ತೂಕವಾ ಅಂತ ಕೇಳುವ ಅಭ್ಯಾಸ ಒಳ್ಳೆಯದು.

ಕಾರವಾರ: ನಾನಂತೂ ಈಗ ಮಿ.ಮೀ. ಎಷ್ಟು ಅಂತಲೇ ಮೊದಲು ಕೇಳುತ್ತೇನೆ. ಪ್ರಮಾಣಪತ್ರದಲ್ಲಿ ಬರೆದಿರುತ್ತದೆ. ಕೆಲವು ಕಲ್ಲುಗಳ ಹೊಟ್ಟೆ ಆಳ. ತೂಕವೆಲ್ಲ ಕೆಳಗೆ ಅಡಗಿರುತ್ತದೆ, ಮೇಲಿಂದ ಸಣ್ಣದಾಗಿ ಕಾಣುತ್ತದೆ. ಹಾಗಂತ ತೀರಾ ತೆಳ್ಳಗಿರುವುದೂ ಬೇಡ, ಹೊಳಪು ಹೋಗುತ್ತದೆ. ಇನ್ನೊಂದು, ಪೂರ್ತಿ ಒಂದು ಕ್ಯಾರೆಟ್ ಮುಟ್ಟಿತು ಅಂದ್ರೆ ದರವೇ ಏರುತ್ತದೆ. ನಾವು 90 ಸೆಂಟಿನದು ತಗೊಂಡೆವು, ಅಗಲ 6.2. ಈವರೆಗೆ ಒಬ್ಬರೂ ಗುರುತಿಸಿಲ್ಲ.

ಶಿರಸಿ: ಎಲ್ಲರಿಗೂ ಧನ್ಯವಾದ. ಬಿಲ್ಲಿನಲ್ಲಿ "18 ಕ್ಯಾರೆಟ್" ಅಂತಲೂ ಇದೆ, ಅದೇನು?

ಕುಮಟಾ: ಅದು ಚಿನ್ನದ್ದು. 24ರಲ್ಲಿ 18 ಭಾಗ ಚಿನ್ನ, ಅಂದರೆ ನೂರಕ್ಕೆ 75. ಕಲ್ಲಿನ ತೂಕಕ್ಕೂ ಅದಕ್ಕೂ ಸಂಬಂಧವಿಲ್ಲ.

ಶಿರಸಿ: ಹಾಗಾದರೆ ಅರ್ಧವೇ ಸಾಕು. ಉಳಿದದ್ದರಲ್ಲಿ ಅಜ್ಜಿಗೆ ಮೂಗುಬೊಟ್ಟು ಮಾಡಿಸೋಣ ಅಂತಾಳೆ ಮಗಳು.

ಹೊನ್ನಾವರ: ಅಜ್ಜಿಗೆ ಐದು ಸೆಂಟ್ ಧಾರಾಳ. ಎರಡೂವರೆ ಮಿ.ಮೀ. ಹತ್ತಿರ ಬರುತ್ತದೆ, ಮೂಗಿನ ಮೇಲೆ ಚೆನ್ನಾಗಿ ಕಾಣುತ್ತದೆ.